ಷಡ್ಡಕರ ಸೌನಾ, ನನ್ನ ಗುಂಡಿಗೆ

ಈ ವಾರ ಯಾರಾದರೂ ನನ್ನ ಮುಂದೆ ಫಿನ್ಲೆಂಡ್ ಅಂದರೆ ಅವರ ಮನೆಯಲ್ಲಿ ಕಾಫಿ ಕೂಡ ಕುಡಿಯುವುದಿಲ್ಲ. ಅಷ್ಟು ಕೋಪ ಬಂದಿದೆ. ಫಿನ್ಲೆಂಡಿನವರು ನನಗೇನೂ ಮಾಡಿಲ್ಲ, ಪಾಪ. ಮಾಡಿದ್ದೆಲ್ಲ ನನ್ನ ಷಡ್ಡಕರು.

ಷಡ್ಡಕ ಅಂದರೆ ಗೊತ್ತಲ್ಲ. ಮಾವನ ಮನೆಯಲ್ಲಿ ನಮ್ಮ ಪಕ್ಕದ ಎಲೆಗೆ ಕೂರುವ ಮನುಷ್ಯ. ನಾವು ಆರಿಸಿಕೊಂಡಿದ್ದಲ್ಲ, ಬಿಡುವ ಹಾಗೂ ಇಲ್ಲ. ನನ್ನ ಷಡ್ಡಕರು ನನಗಿಂತ ಚಿಕ್ಕವರು, ‘ಭಾವ’ ಅಂತಲೇ ಕರೆಯುತ್ತಾರೆ, ಮನಸ್ಸು ಒಳ್ಳೆಯದು. ಇಬ್ಬರೂ ಮೈಸೂರಿನಲ್ಲೇ. ಅವರ ಮನೆ ರಾಮಕೃಷ್ಣನಗರ, ನಮ್ಮದು ಕುವೆಂಪುನಗರ. ಮಧ್ಯೆ ಇರುವ ದೂರ ಸಾಲದು.

ನನಗೆ ಹಾರ್ಟಿನ ಲಯ ತಪ್ಪುವ ತೊಂದರೆ. ಹೆಸರು ಏಟ್ರಿಯಲ್ ಫಿಬ್ರಿಲೇಶನ್. ಬಂದು ಹೋಗುವ ಜಾತಿಯದು. ಬಂದಾಗ ಹಾರ್ಟಿನ ಮೇಲಿನ ಎರಡು ಕೋಣೆಗಳು ಸರಿಯಾಗಿ ಹಿಂಡಿಕೊಳ್ಳದೆ ಸುಮ್ನೆ ನಡುಗುತ್ತವೆ. ಅಲ್ಲಿಂದ ನಿಮಿಷಕ್ಕೆ 350ಕ್ಕೂ ಜಾಸ್ತಿ ಸಲ ಕರೆಂಟು ಹೊರಡುತ್ತದೆ. ಮಧ್ಯದಲ್ಲಿ ಒಂದು ಗೇಟಿದೆ. ಜಂಬೂಸವಾರಿ ದಿನ ಅರಮನೆ ಗೇಟಿನಲ್ಲಿ ಪಾಸ್ ಹಿಡಿದು ನುಗ್ಗುವ ಜನರ ಮುಂದೆ ಒಬ್ಬ ಪೊಲೀಸ್ ನಿಂತಿರುತ್ತಾರಲ್ಲ, ಹಾಗೆ. ಒಬ್ಬರನ್ನು ಬಿಡುತ್ತಾರೆ, ಮೂವರನ್ನು ತಡೆಯುತ್ತಾರೆ, ಆಮೇಲೆ ಇದ್ದಕ್ಕಿದ್ದ ಹಾಗೆ ಇಬ್ಬರನ್ನು ಒಟ್ಟಿಗೆ ಬಿಟ್ಟುಬಿಡುತ್ತಾರೆ. ಕೆಳಗಿನ ಕೋಣೆಗಳು ಆ ಪ್ರಕಾರ ಬಡಿಯುತ್ತವೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಒಂದು ಮಾತ್ರೆ, ಓಟ ಕಮ್ಮಿಯಾಗಲಿ ಅಂತ ಒಂದು ಬೀಟಾ ಬ್ಲಾಕರ್. ಇಷ್ಟರಲ್ಲಿ ನಾನು ಚೆನ್ನಾಗಿಯೇ ಇದ್ದೇನೆ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತೇನೆ, ಮಿಕ್ಕ ಹೊತ್ತು ಎಲ್ಲರ ಹಾಗೆ ಕರೆಂಟ್ ಬಿಲ್ ನೋಡಿ ಬೈಯುತ್ತೇನೆ.

ಷಡ್ಡಕರಿಗೆ ಒಂದು ಅಭ್ಯಾಸ. ನನ್ನನ್ನು ಕಂಡ ತಕ್ಷಣ ‘ಎಲ್ಲಿ ಭಾವ, ಕೈ ಕೊಡಿ’ ಅನ್ನುತ್ತಾರೆ. ಮದುವೆ ಮನೆ, ತಿಥಿ ಮನೆ, ಬ್ಯಾಂಕಿನ ಕ್ಯೂ, ಯಾವುದೂ ಅಡ್ಡಿಯಿಲ್ಲ. ನಾಡಿ ಹಿಡಿದು ಹತ್ತು ಸೆಕೆಂಡ್ ಎಣಿಸಿ ಆರರಿಂದ ಗುಣಿಸುತ್ತಾರೆ. ಲಯ ತಪ್ಪಿದ ನಾಡಿಗೆ ಹತ್ತು ಸೆಕೆಂಡಿನ ಲೆಕ್ಕ ನಡೆಯಲ್ಲ, ಒಂದು ನಿಮಿಷ ಪೂರ್ತಿ ಎಣಿಸಬೇಕು ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ಒಂದು ನಾಮಕರಣದ ಊಟದಲ್ಲಿ ನನ್ನ ಎಡಗೈ ಅವರ ಹತ್ತಿರ, ಬಲಗೈ ಹುಳಿಯನ್ನದಲ್ಲಿ. ‘ನೂರಾ ಎಂಟು!’ ಅಂತ ಪಂಕ್ತಿಗೆಲ್ಲ ಕೇಳುವ ಹಾಗೆ ಕೂಗಿದರು. ಎದುರು ಸಾಲಿನ ಅಜ್ಜಿ ಯಾವುದೋ ಅಷ್ಟೋತ್ತರ ಅಂದುಕೊಂಡು ಕೈ ಮುಗಿದರು. ಒಬ್ಬಟ್ಟು ಹಿಡಿದು ಬರುತ್ತಿದ್ದ ಹುಡುಗ ಗಾಬರಿಯಾಗಿ ನನ್ನ ಎಲೆ ದಾಟಿ ಮುಂದೆ ಹೋದ. ಆ ಒಬ್ಬಟ್ಟು ನನಗೆ ಇನ್ನೂ ಬರಬೇಕು.

ಇಷ್ಟರವರೆಗೂ ಸಹಿಸಿಕೊಂಡಿದ್ದೆ. ಆಮೇಲೆ ಗೋಕುಲದ ಕಡೆ ಒಂದು ಜಿಮ್‌ನವರು ಫಿನ್ಲೆಂಡಿನವರ ಹಾಗೆ ಕೂತು ಬೆವರುವ ಸೌನಾ ಅನ್ನುವ ಬಿಸಿ ರೂಮು, ಐಸ್ ನೀರಿನ ತೊಟ್ಟಿ ಎರಡನ್ನೂ ತೆರೆದರು. ಯೋಗ ಕಲಿಯಲು ಬರುವ ವಿದೇಶಿಯರಿಗೆ ಅಂತ ಮಾಡಿದ್ದಿರಬೇಕು, ಮೊದಲು ಹೋಗಿದ್ದು ನಮ್ಮ ಷಡ್ಡಕರು. ಹದಿನೈದು ನಿಮಿಷ ಬೇಯುವುದು, ಎರಡು ನಿಮಿಷ ಹೆಪ್ಪುಗಟ್ಟುವುದು, ಮತ್ತೆ ಬೇಯುವುದು. ನನ್ನನ್ನೂ ಎಳೆದುಕೊಂಡು ಹೋದರು. ಕೌಂಟರಿನ ಹುಡುಗ ಒಂದು ಫಾರಂ ಕೊಟ್ಟ. ‘ಹೃದಯದ ತೊಂದರೆ ಇದೆಯೇ?’ ಅಂತ ಇತ್ತು. ‘ಇದೆ’ ಅಂತ ಟಿಕ್ ಹಾಕಿದೆ. ಅವನು ಮೆತ್ತಗೆ, ‘ಇಲ್ಲ ಅಂತ ಹಾಕ್ಬಿಡಿ ಸಾರ್, ಇದೆ ಅಂದ್ರೆ ಸಿಸ್ಟಮ್ ತಗೊಳಲ್ಲ’ ಅಂದ. ಎಷ್ಟು ಸುಲಭ ನೋಡಿ. ಇಷ್ಟು ವರ್ಷ ನಾನು ಸುಮ್ನೆ ಮಾತ್ರೆಗೆ ದುಡ್ಡು ಸುರಿದೆ.

ನಾನು ಒಳಗೆ ಹೋಗಲಿಲ್ಲ. ಆವತ್ತಿನಿಂದ ಶುರುವಾಯಿತು ಫಿನ್ಲೆಂಡ್.

‘ಭಾವ, ಅಲ್ಲಿ 55 ಲಕ್ಷ ಜನಕ್ಕೆ 30 ಲಕ್ಷ ಸೌನಾ ಇದೆಯಂತೆ!’ ಇರಬಹುದು. 2020ರಲ್ಲಿ ಯುನೆಸ್ಕೋದವರು ಅದನ್ನು ಪರಂಪರೆಯ ಪಟ್ಟಿಗೂ ಸೇರಿಸಿದ್ದಾರೆ, ಅದೂ ನಿಜ. ‘2,315 ಗಂಡಸರನ್ನ ಇಪ್ಪತ್ತು ವರ್ಷ ನೋಡಿದ್ದಾರೆ. ವಾರಕ್ಕೆ ನಾಲ್ಕು ಸಲ, ಇಲ್ಲಾ ಅದಕ್ಕಿಂತ ಜಾಸ್ತಿ ಸೌನಾ ಮಾಡಿದವರಲ್ಲಿ ಹಾರ್ಟ್ ನಿಂತು ದಿಢೀರ್ ಸಾಯೋದು ಕಮ್ಮಿ!’ ಇದೂ ಸುಳ್ಳಲ್ಲ, 2015ರಲ್ಲಿ ಅಚ್ಚಾದ ಅಧ್ಯಯನ. ನಾನೂ ಹುಡುಕಿ ನೋಡಿದೆ. ಆದರೆ ಅವರೆಲ್ಲ ಹುಟ್ಟಿದಾಗಿನಿಂದ ಸೌನಾದಲ್ಲಿ ಕೂತ ಫಿನ್ಲೆಂಡಿನ ನಡುವಯಸ್ಸಿನವರು. ವಾರಕ್ಕೆ ನಾಲ್ಕು ಸಲ ಸೌನಾಕ್ಕೆ ಹೋಗುವಷ್ಟು ಆರೋಗ್ಯ, ಪುರುಸೊತ್ತು ಎರಡೂ ಇದ್ದವರು. ಸೌನಾದಿಂದಲೇ ಬದುಕಿದರು ಅಂತ ಅದರಿಂದ ಹೇಳಲಾಗದು. ಇದನ್ನು ವಿವರಿಸಿದರೆ ಷಡ್ಡಕರು ನನ್ನ ಕಡೆ ಕನಿಕರದಿಂದ ನೋಡಿದರು. ‘ನೀವು ತುಂಬ ಯೋಚನೆ ಮಾಡ್ತೀರಿ ಭಾವ. ಅದಕ್ಕೇ ನಿಮಗೆ ಹೀಗಾಗಿರೋದು.’

ದಿನಾ ಬೆಳಗ್ಗೆ ಐದೂವರೆಗೆ ವಾಟ್ಸಾಪ್. ಒಂದು ದಿನ ಒಬ್ಬ ಡಾಕ್ಟರು ರೋಗಿಯ ಮುಖವನ್ನು ಐಸ್ ನೀರಿನಲ್ಲಿ ಅದ್ದುವ ವಿಡಿಯೋ. ‘ನೋಡಿ, ಹಾರ್ಟ್ ಲೈನಿಗೆ ಬಂತು!’ ಬರುತ್ತೆ. ಎಸ್‌ವಿಟಿ ಅನ್ನುವ ಬೇರೆ ತೊಂದರೆಗೆ ಹಾಗೆ ಮಾಡುವುದುಂಟು. ಅಲ್ಲಿ ಕರೆಂಟು ಆ ಗೇಟಿನ ಮೂಲಕವೇ ಸುತ್ತು ಹೊಡೆಯುತ್ತಿರುತ್ತದೆ, ತಣ್ಣೀರು ಗೇಟನ್ನು ಒಂದು ಕ್ಷಣ ಮುಚ್ಚಿದರೆ ಸುತ್ತು ಕಡಿಯುತ್ತದೆ. ನನ್ನದರಲ್ಲಿ ಗಲಾಟೆ ಗೇಟಿನಿಂದ ಮೇಲೆ. ಮುಖ ಒದ್ದೆಯಾಗುತ್ತದೆ, ಅಷ್ಟೇ.

ಇನ್ನೊಂದು ದಿನ ಹಳೇ ಕಪ್ಪು ಬಿಳುಪು ಫೋಟೋ. ಕೋಟು ಹಾಕಿದ ಒಬ್ಬ ಮನುಷ್ಯ ಎರಡು ಕೈಯನ್ನೂ ಒಂದು ಕಾಲನ್ನೂ ಬಕೆಟ್ಟಿನಂಥ ಪಾತ್ರೆಗಳಲ್ಲಿ ಇಟ್ಟುಕೊಂಡು ಗಂಭೀರವಾಗಿ ಕೂತಿದ್ದಾನೆ. ‘ನೂರು ವರ್ಷದ ಹಿಂದೇನೇ ಹಾರ್ಟಿಗೆ ತಣ್ಣೀರು ಚಿಕಿತ್ಸೆ!!’ ಅಂತ ಷಡ್ಡಕರ ಟಿಪ್ಪಣಿ, ಜೊತೆಗೆ ಮೂರು ಕೆಂಪು ಹಾರ್ಟು. ಸ್ವಾಮಿ, ಅದು ಇಸಿಜಿ. ಐಂಥೋವನ್ ಅನ್ನುವವರು ಅದನ್ನು ಕಂಡುಹಿಡಿದಾಗ ಮೈಗೆ ಅಂಟಿಸುವ ಬಿಲ್ಲೆಗಳು ಇರಲಿಲ್ಲ. ಉಪ್ಪು ನೀರಿನ ಪಾತ್ರೆಯಲ್ಲಿ ಕೈಕಾಲು ಇಡಿಸಿ ಹಾರ್ಟಿನ ಕರೆಂಟು ಹಿಡಿಯುತ್ತಿದ್ದರು. ಅದಕ್ಕೆ 1924ರಲ್ಲಿ ನೊಬೆಲ್ ಬಂತು. ಇದನ್ನು ಬರೆದು ಕಳಿಸಿದೆ. ‘ಉಪ್ಪು ನೀರಾ? ಹಾಗಾದ್ರೆ ನಾಳೆಯಿಂದ ಉಪ್ಪು ಹಾಕಿ ನೋಡ್ತೀನಿ’ ಅಂತ ಉತ್ತರ ಬಂತು.

ಕೊನೆಗೆ ನನ್ನ ಡಾಕ್ಟರನ್ನೇ ಕೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಸೌನಾದಲ್ಲಿ ಹಾರ್ಟ್ ಓಡುತ್ತೆ, ಬೆವರಿನ ಜೊತೆ ನೀರು, ಉಪ್ಪು ಎಲ್ಲ ಹೋಗುತ್ತೆ, ಲಯ ತಪ್ಪಲು ಅದೂ ಒಂದು ನೆಪ. ನಿಮ್ಮ ಮಾತ್ರೆಗೆ ಬಿಪಿ ಮೊದಲೇ ಕೆಳಗಿದೆ, ಬಿಸಿಯಿಂದ ದಡಕ್ಕನೆ ಎದ್ದರೆ ತಲೆ ಸುತ್ತಿ ಬೀಳುತ್ತೀರಿ. ರಕ್ತ ತೆಳ್ಳಗಾಗುವ ಮಾತ್ರೆ ತಿನ್ನುವವರು ಬಿದ್ದು ತಲೆಗೆ ಪೆಟ್ಟಾದರೆ ಅದು ಇನ್ನೊಂದು ಕಥೆ. ಬೇಕೇ ಬೇಕು ಅಂದರೆ ಲಯ ಸರಿಯಿರುವ ದಿನ ಐದು ನಿಮಿಷ, ನೀರು ಕುಡಿದು, ನಿಧಾನವಾಗಿ ಎದ್ದು ಬನ್ನಿ ಅಂದರು. ‘ಐಸ್ ನೀರಿಗೆ ಮಾತ್ರ ಧುಮುಕಬೇಡಿ.’ ತಣ್ಣೀರು ಮೈಗೆ ಬಿದ್ದ ಕೂಡಲೇ ಉಸಿರು ಒಳಗೆಳೆದುಕೊಳ್ಳುತ್ತೇವಲ್ಲ, ಆಗ ನರಗಳು ಹಾರ್ಟಿಗೆ ‘ಓಡು’ ಅನ್ನುತ್ತವೆ. ಮುಖ ಮುಳುಗಿದರೆ ವೇಗಸ್ ಅನ್ನುವ ನರ ‘ನಿಧಾನ’ ಅನ್ನುತ್ತದೆ. ಇಂಗ್ಲೆಂಡಿನ ಶಟಕ್ ಮತ್ತು ಟಿಪ್ಟನ್ ಅನ್ನುವ ವಿಜ್ಞಾನಿಗಳು 2012ರಲ್ಲಿ ಬರೆದಿದ್ದು ಇದನ್ನೇ. ಎರಡು ಆಜ್ಞೆ ಒಟ್ಟಿಗೆ ಬಂದಾಗ ಗಟ್ಟಿಮುಟ್ಟಾದವರ ಹಾರ್ಟೂ ಲಯ ತಪ್ಪಬಹುದು. ನನ್ನದು ಒಂದು ಆಜ್ಞೆಯನ್ನೇ ಸರಿಯಾಗಿ ಕೇಳಲ್ಲ.

ತಣ್ಣೀರು ಕಂಡರೆ ನನಗೆ ಆಸೆಯಿಲ್ಲ ಅಂತಲ್ಲ. ಅಪ್ಪನ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದೆವು. ಚಳಿಗಾಲದ ಬೆಳಗ್ಗೆ. ನಾನು ಆಸ್ಪತ್ರೆಯಿಂದ ಬಂದು ಜಾಸ್ತಿ ದಿನ ಆಗಿರಲಿಲ್ಲ. ಪುರೋಹಿತರು ಮೂರು ಸಲ ಮುಳುಗಿ ಏಳಿ ಅಂದರು. ಚಿಕ್ಕವನಿದ್ದಾಗ ಮಂಡ್ಯದ ಹತ್ತಿರ ನಮ್ಮೂರಿನಲ್ಲಿ ಸೇತುವೆ ಮೇಲಿಂದ ವಿ.ಸಿ. ನಾಲೆಗೆ ಹಾರಿ, ಅದಕ್ಕೆ ಅಪ್ಪನ ಕೈಯಲ್ಲಿ ಏಟು ತಿಂದವನು ನಾನು. ಆವತ್ತು ಮೆಟ್ಟಿಲ ಮೇಲೆ ನಿಂತು ನೀರಿಗೆ ಬೆರಳು ಅದ್ದಿ ನೋಡಿದೆ. ತಮ್ಮ ನನ್ನ ಮುಖ ನೋಡಿದ. ‘ನೀನಿರು, ನಿಂದೂ ಸೇರಿಸಿ ನಾನೇ ಮುಳುಗ್ತೀನಿ’ ಅಂತ ಆರು ಸಲ ಮುಳುಗಿದ. ಪುರೋಹಿತರು ಚೊಂಬಿನಿಂದ ನನ್ನ ತಲೆಗೆ ಒಂದಿಷ್ಟು ನೀರು ಚಿಮುಕಿಸಿ ‘ಸಾಕು’ ಅಂದರು. ಸಾಕಾಗಿರಲಿಲ್ಲ.

ಇದನ್ನು ಷಡ್ಡಕರಿಗೆ ಹೇಳಿಲ್ಲ. ಹೇಳಿದರೆ ನೀರು ಎಷ್ಟು ಡಿಗ್ರಿ ಇತ್ತು ಅಂತ ಕೇಳುತ್ತಾರೆ.

ಈಗ ಭಾನುವಾರದ ವಿಷಯಕ್ಕೆ ಬರೋಣ. ಹೆಂಡತಿ ಒಂದು ಡಬ್ಬಿ ಉಪ್ಪಿನಕಾಯಿ ಕೊಟ್ಟು ತಂಗಿ ಮನೆಗೆ ಕಳಿಸಿದಳು. ಬಾಗಿಲು ತೆಗೆದೇ ಇತ್ತು. ಹಾಲಿನಲ್ಲಿ ದಿವಾನದ ಪಕ್ಕ ಬೆಳ್ಳಿ ಬಣ್ಣದ ಒಂದು ಡೇರೆ. ಡೇರೆಯ ಮೇಲೆ ಷಡ್ಡಕರ ತಲೆ. ತಲೆ ಮಾತ್ರ.

‘ಬನ್ನಿ ಭಾವ, ಕೂತ್ಕೊಳ್ಳಿ’ ಅಂತು ತಲೆ.

ಆನ್‌ಲೈನಿನಲ್ಲಿ ತರಿಸಿದ್ದಂತೆ. ಒಳಗೊಂದು ಮಡಚುವ ಕುರ್ಚಿ, ಹೊರಗೊಂದು ಕುಕ್ಕರಿನಂಥ ಪಾತ್ರೆ, ಅದರಿಂದ ಒಳಕ್ಕೆ ಹಬೆಯ ಪೈಪು. ಕುತ್ತಿಗೆಯವರೆಗೆ ಜಿಪ್. ಬಾಲ್ಕನಿಯಲ್ಲಿ ನೀಲಿ ಡ್ರಮ್ಮು, ಜ್ಯೂಸ್ ಅಂಗಡಿಯಿಂದ ತಂದ ಐಸು. ‘ಇದು ಸೌನಾ ಅಲ್ಲ ಕಣ್ರೀ, ಸೌನಾ ಅಂದ್ರೆ ಒಣ ಬಿಸಿ, 80ರಿಂದ 100 ಡಿಗ್ರಿ ಇರುತ್ತೆ’ ಅಂದೆ. ‘ಶುರುವಿಗೆ ಇಷ್ಟು ಸಾಕಲ್ವಾ’ ಅಂತು ತಲೆ. ನನ್ನ ನಾದಿನಿ ದೇವಸ್ಥಾನಕ್ಕೆ ಹೋಗಿದ್ದಳು. ಷಡ್ಡಕರ ಎರಡು ಕೈಯೂ ಡೇರೆಯೊಳಗಿದ್ದವು. ನನ್ನ ನಾಡಿ ಹಿಡಿಯುವವರಿಲ್ಲ ಅಂತ ನೆಮ್ಮದಿಯಾಗಿ ಕೂತೆ.

ಸ್ವಲ್ಪ ಹೊತ್ತಿಗೆ ತಲೆ ದನಿ ತಗ್ಗಿಸಿತು. ‘ಭಾವ, ಜಿಪ್ ಸಿಕ್ಕಾಕೊಂಡಿದೆ.’ ನೋಡಿದರೆ ಉಟ್ಟ ಟವೆಲಿನ ಅಂಚು ಜಿಪ್ಪಿನ ಹಲ್ಲಿಗೆ ಸಿಕ್ಕಿದೆ. ಒಳಗೆ ಆ ಟವೆಲ್ ಬಿಟ್ಟರೆ ಬೇರೇನೂ ಇಲ್ಲ. ಎದ್ದು ಪ್ಲಗ್ ಕಿತ್ತೆ. ಜಿಪ್ಪಿಗೆ ಕೈ ಹಾಕಿದರೆ, ‘ನೀವು ಎಳೀಬೇಡಿ, ನಿಮ್ಮ ಹಾರ್ಟು!’ ಅಂದರು. ಬಿಟ್ಟೆ. ‘ಹಂಗಂತ ಬಿಡಬೇಡಿ, ಎಳೀರಿ!’ ಅಂದರು. ಅಷ್ಟರಲ್ಲಿ ಹೊರಗೆ ‘ಸಾಮೀ’ ಅಂತ ದನಿ.

ಮಂಡ್ಯದ ಕಡೆಯ ದೂರದ ನೆಂಟರು, ವಯಸ್ಸಾದ ಗಂಡ ಹೆಂಡತಿ. ಮಗಳ ಮದುವೆಗೆ ಕರೆಯಲು ಬಂದಿದ್ದರು. ಯಜಮಾನರು ಡೇರೆಯನ್ನು ಒಂದು ಸುತ್ತು ಹಾಕಿ ನೋಡಿದರು.

‘ಇದ್ಯಾಕ್ ಸಾಮಿ, ಮೈ ಉಸಾರಿಲ್ವಾ?’

‘ಏನಿಲ್ಲ, ಬೆವರು ತೆಗೀತಿದೀನಿ.’

‘ಬೆವರಾ? ನಮ್ ಗದ್ದೆಗ್ ಬನ್ನಿ, ಪುಕ್ಸಟ್ಟೆ ತೆಗಿಸ್ತೀವಿ.’

‘ಅವರು ಹೋಗೋವರೆಗೂ ಜಿಪ್ ಮುಟ್ಟಬೇಡಿ’ ಅಂತ ತಲೆ ನನಗೆ ಕಣ್ಣಿನಲ್ಲೇ ಹೇಳಿತು. ನೆಂಟರಿಗೆ ಅವಸರ ಇರಲಿಲ್ಲ. ‘ಭಾವ, ಫಿಲ್ಟರಲ್ಲಿ ಡಿಕಾಕ್ಷನ್ ಇದೆ’ ಅಂತು ತಲೆ. ನಾನೇ ಹೋಗಿ ಹಾಲು ಕಾಯಿಸಿ ಕಾಫಿ ಬೆರೆಸಿದೆ. ಅವರಿಗೆ ಕೊಟ್ಟೆ. ತಲೆಗೆ ಲೋಟ ಎತ್ತಿ ಕುಡಿಸಿದೆ. ‘ಸಕ್ಕರೆ ಕಮ್ಮಿ’ ಅಂದರು. ಆ ಸ್ಥಿತಿಯಲ್ಲೂ.

ಲಗ್ನಪತ್ರಿಕೆ ಕೊಡುವ ಹೊತ್ತು ಬಂತು. ಕೈಗೇ ಕೊಡಬೇಕು, ಕೈ ಇಲ್ಲ. ಯಜಮಾನರು ಯೋಚಿಸಿ ಪತ್ರಿಕೆಯನ್ನು ಡೇರೆಯ ಹೆಗಲ ಮೇಲೆ ಒರಗಿಸಿ ನಿಲ್ಲಿಸಿದರು. ತಲೆ ಮೇಲೆ ಅಕ್ಷತೆ ಹಾಕಿದರು. ಆಯಮ್ಮ ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟರು. ಬೆವರಿನ ಹಣೆ. ಕುಂಕುಮ ಕರಗಿ ಹುಬ್ಬಿನ ಮಧ್ಯೆ, ಮೂಗಿನ ಮೇಲೆ, ಗಲ್ಲದವರೆಗೆ ಇಳಿಯಿತು. ಒರೆಸಿಕೊಳ್ಳಲು ಕೈಯಿಲ್ಲ. ಸರಿಯಾಗಿ ಆಗಲೇ ನನ್ನ ನಾದಿನಿ ಬಾಗಿಲಲ್ಲಿ ಕಾಣಿಸಿಕೊಂಡಳು. ಗಂಡನ ತಲೆ ಬೇರೆ, ಸುತ್ತ ಕೆಂಪು. ಅವಳು ಕಿರುಚಿದ್ದು ಕೆಳಗೆ ತರಕಾರಿ ಗಾಡಿಯವನಿಗೂ ಕೇಳಿತು, ಅವನೂ ಮೇಲೆ ಬಂದ.

ನನ್ನ ಕೈಯಲ್ಲಿದ್ದ ವಾಚು ಬಡಕೊಳ್ಳಲು ಶುರುಮಾಡಿತು. ಲಯ ಸರಿಯಿಲ್ಲ, ಡಾಕ್ಟರನ್ನು ನೋಡಿ ಅಂತ. ಎಲ್ಲರೂ ಡೇರೆ ಬಿಟ್ಟು ನನ್ನ ಕಡೆ ತಿರುಗಿದರು. ‘ಕೂತ್ಕೊಳ್ಳಿ ಭಾವ, ಟೆನ್ಶನ್ ಮಾಡ್ಕೋಬೇಡಿ!’ ಅಂತ ತಲೆ ಕೂಗಿತು. ಯಜಮಾನರು ಪಕ್ಕ ಬಂದು ಕೂತು, ‘ಎಲ್ಲಿ, ಕೈ ಕೊಡಿ’ ಅಂದರು. ಕಣ್ಣು ಮುಚ್ಚಿ ನಾಡಿ ಹಿಡಿದರು. ಬಿಡಲೇ ಇಲ್ಲ. ಒಂದು ನಿಮಿಷ ಪೂರ್ತಿ ಹಿಡಿದವರು ಇವರೊಬ್ಬರೇ. ಆಮೇಲೆ ಕಣ್ಣು ಬಿಟ್ಟು, ‘ಓಡ್ತಾ ಅದೆ. ಓಡ್ಲಿ ಬುಡಿ. ನಿಂತ್ರೆ ತಾನೆ ಕಷ್ಟ’ ಅಂದರು.

ನಾದಿನಿ ಜಿಪ್ಪಿಗೆ ಮೇಣದಬತ್ತಿ ಉಜ್ಜಿ, ನಮ್ಮನ್ನೆಲ್ಲ ಬಾಲ್ಕನಿಗೆ ಅಟ್ಟಿ, ಗಂಡನನ್ನು ಬಿಡಿಸಿದಳು. ನಾವು ಅಲ್ಲಿ ಐಸ್ ಡ್ರಮ್ಮಿನ ಸುತ್ತ ನಿಂತು ಭತ್ತದ ರೇಟು ಮಾತಾಡಿದೆವು. ತರಕಾರಿಯವನು ಒಂದು ತುಂಡು ಐಸು ಬಾಯಿಗೆ ಹಾಕಿಕೊಂಡ. ಸಂಜೆಯ ಹೊತ್ತಿಗೆ ನನ್ನ ಲಯ ತಾನಾಗಿಯೇ ಸರಿಯಾಯಿತು. ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ, ಅವರು ಈ ಸಲ ನಕ್ಕರು.

ಷಡ್ಡಕರು ಇದರಿಂದ ಕಲಿತಿದ್ದೇ ಬೇರೆ. ‘ನೋಡಿದ್ರಾ, ಒಳಗಿದ್ದ ನನಗೆ ಏನೂ ಆಗಲಿಲ್ಲ, ಹೊರಗೆ ಸುಮ್ನೆ ಕೂತಿದ್ದ ನಿಮಗೆ ಹಾರ್ಟ್ ಓಡ್ತು.’ ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಿನ್ನೆ ಐದೂವರೆಗೆ ಮತ್ತೆ ಮೆಸೇಜು. ಡೇರೆಗೆ ಗಟ್ಟಿ ಜಿಪ್ ಹಾಕಿಸಿದ್ದಾರೆ. ಜೊತೆಗೆ ಒಂದು ಫೋಟೋ. ಇಬ್ಬರು ಕೂರುವ ಡೇರೆಯೂ ಬರುತ್ತಂತೆ, ಎರಡು ತಲೆಗೆ ಎರಡು ತೂತು. ಹೆಂಡತಿಗೆ ತೋರಿಸಿದೆ, ಅವಳಾದರೂ ತಂಗಿಗೆ ಫೋನ್ ಮಾಡಿ ಬೈಯಲಿ ಅಂತ.

ಕನ್ನಡಕ ಹಾಕಿಕೊಂಡು ನೋಡಿದಳು. ‘ಎಷ್ಟಂತೆ?’ ಅಂತ ಕೇಳಿದಳು.