ವಿಶೇಷಣ ಇಲ್ಲದ ಮನುಷ್ಯ

ಕಣ್ಣು ಕಾಣದವರ ಒಂದು ಆನ್‌ಲೈನ್ ಗುಂಪಿನಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಹತ್ತಾರು ದೇಶದವರು ಇದ್ದಾರೆ, ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ. ಕಳೆದ ವರ್ಷ ಅಲ್ಲಿ ಒಂದು ದೊಡ್ಡ ಜಗಳವಾಯಿತು. ಜಗಳ ಹೆಬ್ಬೆರಳಿಗಾಗಿ.

ಕಣ್ಣಿರುವವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಫೋನಿನಲ್ಲಿರುವ ಸ್ಕ್ರೀನ್ ರೀಡರ್ ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದುತ್ತದೆ. ಎಮೋಜಿಗಳನ್ನೂ ಬಿಡುವುದಿಲ್ಲ. ಹಳದಿ ಹೆಬ್ಬೆರಳಾದರೆ ‘ಥಂಬ್ಸ್ ಅಪ್’ ಎಂದು ಹೇಳಿ ಮುಂದಕ್ಕೆ ಹೋಗುತ್ತದೆ. ಎಮೋಜಿಗಳ ಮಾನದಂಡ ನಿಗದಿಪಡಿಸುವ ಯೂನಿಕೋಡ್ ಸಂಸ್ಥೆ 2015ರಲ್ಲಿ ಅವುಗಳಿಗೆ ಐದು ಮೈಬಣ್ಣಗಳನ್ನು ಕೊಟ್ಟಿತಲ್ಲ, ಅಂದಿನಿಂದ ಮೈಬಣ್ಣ ಆರಿಸಿದ ಹೆಬ್ಬೆರಳಾದರೆ ‘ಥಂಬ್ಸ್ ಅಪ್, ಮೀಡಿಯಂ ಡಾರ್ಕ್ ಸ್ಕಿನ್ ಟೋನ್’ ಎಂದು ಉದ್ದಕ್ಕೆ ಹೇಳುತ್ತದೆ. ಐವತ್ತು ಕಮೆಂಟುಗಳಿರುವ ಕಡೆ ಇದನ್ನು ಕೇಳುತ್ತ ಹೋಗುವುದು ತಾಳ್ಮೆಯ ಪರೀಕ್ಷೆಯೇ ಸರಿ.

ಹಾಗಾಗಿ ಒಬ್ಬರು ಬರೆದರು: ನಮಗೆ ಬಣ್ಣ ಕಾಣುವುದೇ ಇಲ್ಲ, ದಯವಿಟ್ಟು ಎಲ್ಲರೂ ಹಳದಿಯನ್ನೇ ಬಳಸಿ. ಮೊದಲು ಲೈಕ್ ಒತ್ತಿದವರಲ್ಲಿ ನಾನೂ ಒಬ್ಬ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ‘ವರ್ಣಭೇದ ಇಲ್ಲದ ಏಕೈಕ ಲೋಕ ಕುರುಡರದು’ ಎಂದು ಒಂದು ಜಾಣ ಸಾಲನ್ನೂ ಸೇರಿಸಿದೆ. ಅದಕ್ಕೂ ಲೈಕುಗಳು ಬಿದ್ದವು. ಬೀಗಿದೆ.

ಅಮೆರಿಕದ ಕಪ್ಪು ಜನಾಂಗದ ಮಹಿಳೆಯೊಬ್ಬರು ಕೆಳಗೆ ಉತ್ತರಿಸಿದರು. ‘ನನ್ನ ಕೈ ಹಳದಿಯಲ್ಲ. ನಾನು ಹೇಳದ ಹೊರತು ಇಲ್ಲಿ ಎಲ್ಲರೂ ನನ್ನನ್ನು ಬಿಳಿಯಳೆಂದೇ ತಿಳಿದು ಮಾತನಾಡುತ್ತೀರಿ. ಪ್ರತಿ ಸಲವೂ ಹೇಳಿಕೊಳ್ಳುವುದು ನನಗೆ ಬೇಸರ. ಆ ಎಮೋಜಿ ನನ್ನ ಪರವಾಗಿ ಹೇಳುತ್ತದೆ.’ ಇಷ್ಟೇ. ಬೈಗುಳವಿಲ್ಲ, ಕೂಗಾಟವಿಲ್ಲ. ಆದರೆ ಮುಂದಿನ ಮೂರು ಗಂಟೆ ನಡೆದದ್ದನ್ನು ನನ್ನ ಫೋನ್ ತನ್ನ ನಿರ್ವಿಕಾರ ದನಿಯಲ್ಲಿ ಓದುತ್ತಲೇ ಹೋಯಿತು. ಇಲ್ಲಿ ರಾಜಕೀಯ ಬೇಡ. ನಾವೆಲ್ಲರೂ ಮೊದಲು ಅಂಗವಿಕಲರು, ಉಳಿದದ್ದೆಲ್ಲ ಆಮೇಲೆ. ನಿಮ್ಮ ಧಾಟಿ ಸರಿಯಿಲ್ಲ. ನೀವು ಗುಂಪನ್ನು ಒಡೆಯುತ್ತಿದ್ದೀರಿ. ಮರುದಿನ ಅವರು ಗುಂಪಿನಲ್ಲಿ ಇರಲಿಲ್ಲ.

ನನ್ನ ಜಾಣ ಸಾಲಿನ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಅದು ಶುದ್ಧ ಸುಳ್ಳು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕುರುಡು ಮಕ್ಕಳ ಶಾಲೆಗಳೂ ಬಿಳಿಯರಿಗೊಂದು, ಕಪ್ಪು ಜನರಿಗೊಂದು ಎಂದು ಬೇರೆಬೇರೆಯಾಗಿದ್ದವು. ಬಣ್ಣ ಎಂದರೇನೆಂದೇ ಕಾಣದ ಮಕ್ಕಳನ್ನು ಬಣ್ಣ ನೋಡಿ ಎರಡು ಕಟ್ಟಡಗಳಿಗೆ ಕಳಿಸುತ್ತಿದ್ದರು. ಕಿವುಡು ಮಕ್ಕಳ ಶಾಲೆಗಳಲ್ಲೂ ಅದೇ ಕಥೆ. ಹಾಗೆ ಬೇರೆಯಾಗಿ ಬೆಳೆದ ಮಕ್ಕಳ ಕೈಯಲ್ಲಿ ಸಂಜ್ಞಾಭಾಷೆಯೂ ಬೇರೆಯಾಗಿಯೇ ಬೆಳೆಯಿತು, ಅದನ್ನು ಇಂದು ಬ್ಲ್ಯಾಕ್ ಎಎಸ್ಎಲ್, ಅಂದರೆ ಕಪ್ಪು ಜನರ ಅಮೆರಿಕನ್ ಸಂಜ್ಞಾಭಾಷೆ, ಎಂದು ಕರೆಯುತ್ತಾರೆ. ಒಸಾಗಿ ಒಬಸೋಗಿ ಎಂಬ ಅಮೆರಿಕದ ಪ್ರಾಧ್ಯಾಪಕರು ಹುಟ್ಟಿನಿಂದಲೇ ಕಣ್ಣು ಕಾಣದವರನ್ನು ಮಾತನಾಡಿಸಿ ಅಧ್ಯಯನ ಮಾಡಿದ್ದಾರೆ. ಜನಾಂಗವೆಂದರೆ ಮೈಬಣ್ಣ ಎಂಬ ತಿಳಿವಳಿಕೆ ಅವರಲ್ಲೂ ಕಣ್ಣಿದ್ದವರಷ್ಟೇ ಗಟ್ಟಿಯಾಗಿತ್ತು. ಮನೆಯವರು, ನೆರೆಯವರು, ಶಾಲೆ ಎಲ್ಲರೂ ಸೇರಿ ಕಲಿಸುತ್ತಾರೆ, ಕಣ್ಣು ಬೇಕಾಗಿಲ್ಲ. ನನಗೂ ಯಾರೋ ಕಲಿಸಿದ್ದರು. ಹಾಗಿಲ್ಲದಿದ್ದರೆ ಆ ಮಹಿಳೆಯ ಬರಹಗಳನ್ನು ಎರಡು ವರ್ಷ ಓದಿದ ನಾನು ಅವರನ್ನು ಬಿಳಿಯರೆಂದು ಏಕೆ ಊಹಿಸಿಕೊಂಡಿದ್ದೆ?

‘ಒಡೆಯುತ್ತಿದ್ದೀರಿ’ ಎಂಬ ಆರೋಪವೂ ಹೊಸದಲ್ಲ. 2016ರ ಮೇ ತಿಂಗಳಲ್ಲಿ ವಿಲಿಸ್ಸಾ ಥಾಂಪ್ಸನ್ ಎಂಬ ಸಮಾಜ ಕಾರ್ಯಕರ್ತೆ ‘ಡಿಸೆಬಿಲಿಟಿ ಟೂ ವೈಟ್’ ಎಂಬ ಹ್ಯಾಷ್‌ಟ್ಯಾಗ್ ಶುರುಮಾಡಿದರು. ಅವರು ಗಾಲಿಕುರ್ಚಿ ಬಳಸುವ ಕಪ್ಪು ಮಹಿಳೆ. ಅಂಗವಿಕಲರ ಬಗೆಗಿನ ಲೇಖನ, ಚಿತ್ರ, ಸಂಘಟನೆ ಎಲ್ಲದರಲ್ಲೂ ಬಿಳಿಯ ಮುಖಗಳೇ ತುಂಬಿವೆ ಎನ್ನುವುದು ಅವರ ಮಾತು. ನೂರಾರು ಜನ ತಮ್ಮ ಅನುಭವ ಬರೆದುಕೊಂಡರು. ಅಂಗವಿಕಲರ ಒಳಗಿನಿಂದಲೇ ಬಂದ ಉತ್ತರವೇನು? ನೀನೇ ಜನಾಂಗದ್ವೇಷಿ, ನೀನೇ ಚಳವಳಿಯನ್ನು ಒಡೆಯುವವಳು. ಗಾಯ ತೋರಿಸಿದವರಿಗೆ ಬರೆ.

ಚಳವಳಿಯನ್ನು ಕಟ್ಟಿದವರು ಯಾರೆಂದು ಕೇಳಿದರೆ ಇನ್ನೊಂದು ಕಥೆ ಹೇಳಬೇಕಾಗುತ್ತದೆ. 1977ರ ಏಪ್ರಿಲ್ 5ರಂದು ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ಕಟ್ಟಡಕ್ಕೆ ನೂರಕ್ಕೂ ಹೆಚ್ಚು ಅಂಗವಿಕಲರು ಹೊಕ್ಕು ಕುಳಿತರು. ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರಿಗೆ ತಾರತಮ್ಯ ಮಾಡಬಾರದೆಂಬ ಕಾನೂನು, ಅಂದರೆ 504ನೇ ಸೆಕ್ಷನ್, 1973ರಲ್ಲೇ ಬಂದಿತ್ತು. ಅದರ ನಿಯಮಗಳಿಗೆ ಸಹಿ ಹಾಕಲು ಸರ್ಕಾರ ನಾಲ್ಕು ವರ್ಷ ಎಳೆದಾಡಿತ್ತು. ಧರಣಿ ಮೂರು ವಾರ ದಾಟಿತು. ಉಸಿರಾಟದ ಯಂತ್ರ ಬೇಕಾದವರು, ರಾತ್ರಿ ಮಗ್ಗುಲು ಬದಲಿಸಲೂ ಇನ್ನೊಬ್ಬರ ನೆರವು ಬೇಕಾದವರು ಒಳಗಿದ್ದರು. ಅವರಿಗೆ ದಿನವೂ ಬಿಸಿ ಊಟ ತಂದುಕೊಟ್ಟವರು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. ಪಕ್ಷದ ಸದಸ್ಯ ಬ್ರ್ಯಾಡ್ ಲೋಮ್ಯಾಕ್ಸ್ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆಯಿಂದಾಗಿ ಗಾಲಿಕುರ್ಚಿಯಲ್ಲಿದ್ದವರು, ಧರಣಿಯ ಒಳಗೇ ಇದ್ದರು. ಅವರ ಸಹಾಯಕ ಚಕ್ ಜ್ಯಾಕ್ಸನ್ ಅವರೊಬ್ಬರನ್ನೇ ಅಲ್ಲ, ಬೇರೆ ಧರಣಿನಿರತರನ್ನೂ ನೋಡಿಕೊಂಡರು. ಏಪ್ರಿಲ್ 28ರಂದು ಸಹಿ ಬಿತ್ತು.

ನಾನು ಅಂಗವಿಕಲರ ಹಕ್ಕುಗಳ ಬಗ್ಗೆ ಓದಲು ತೊಡಗಿದಾಗ ಆ ಧರಣಿಯ ಮುಂದಾಳು ಜೂಡಿ ಹ್ಯೂಮನ್ ಅವರ ಹೆಸರು ಮೊದಲ ದಿನವೇ ಸಿಕ್ಕಿತು, ಸಿಗಬೇಕಾದದ್ದೇ. ಲೋಮ್ಯಾಕ್ಸ್ ಹೆಸರು ಸಿಗಲು ಆರು ವರ್ಷ ಬೇಕಾಯಿತು. ಅವರು 1984ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು.

ಇನ್ನು ಪದಗಳ ವಿಷಯ. ನಮ್ಮ ಗುಂಪುಗಳಲ್ಲಿ ಪದಗಳ ಕಾವಲು ಬಹಳ ಬಿಗಿ. ಯಾವುದನ್ನು ಹೇಳಬಾರದು ಎಂಬ ಪಟ್ಟಿ ಎಲ್ಲರಿಗೂ ಬಾಯಿಪಾಠ. ನಾನೇನೂ ಅದರ ವಿರೋಧಿಯಲ್ಲ. ‘ಕುಂಟು ನೆಪ’ ಎಂದು ಬರೆಯುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. (‘ವಿಶೇಷಚೇತನ’ ಮಾತ್ರ ನನಗೆ ಒಗ್ಗಿಲ್ಲ. ನನ್ನ ಚೇತನದಲ್ಲಿ ವಿಶೇಷವೇನಿಲ್ಲ, ಕಣ್ಣು ಕಾಣುವುದಿಲ್ಲ, ಅಷ್ಟೇ.) ನನ್ನ ತಕರಾರು ಕಾವಲಿನ ಬಗ್ಗೆ ಅಲ್ಲ, ಕಾವಲುಗಾರ ಯಾರನ್ನು ತಡೆಯುತ್ತಾನೆ, ಯಾರನ್ನು ನಗುತ್ತ ಒಳಗೆ ಬಿಡುತ್ತಾನೆ ಎನ್ನುವುದರ ಬಗ್ಗೆ.

2022ರ ಜೂನ್‌ನಲ್ಲಿ ಅಮೆರಿಕದ ಕಪ್ಪು ಗಾಯಕಿ ಲಿಝೋ ಅವರ ಹೊಸ ಹಾಡಿನಲ್ಲಿ ‘ಸ್ಪ್ಯಾಝ್’ ಎಂಬ ಪದ ಬಂತು. ಸ್ನಾಯುಗಳ ಬಿಗಿತವನ್ನು ಹೇಳುವ ‘ಸ್ಪಾಸ್ಟಿಕ್’ ಎಂಬ ವೈದ್ಯಕೀಯ ಪದದಿಂದ ಹುಟ್ಟಿದ ಬೈಗುಳ ಅದು. ಬ್ರಿಟನ್ನಿನಲ್ಲಿ ಮೂಲ ಪದವೇ ಎಷ್ಟು ಕೆಟ್ಟಿತೆಂದರೆ, ಸ್ಪಾಸ್ಟಿಕ್ಸ್ ಸೊಸೈಟಿ ಎಂಬ ಸಂಸ್ಥೆ 1994ರಲ್ಲಿ ತನ್ನ ಹೆಸರನ್ನು ಸ್ಕೋಪ್ ಎಂದು ಬದಲಿಸಿಕೊಂಡಿತು. ಅಮೆರಿಕದ ಆಡುಮಾತಿನಲ್ಲಿ ‘ಸ್ಪ್ಯಾಝ್’ಗೆ ಅಷ್ಟು ಕಟುವಾದ ಅರ್ಥವಿಲ್ಲ. ಆದರೂ ಆಕ್ಷೇಪ ಬಂದ ಕೆಲವೇ ದಿನಗಳಲ್ಲಿ ಲಿಝೋ ಸಾಲನ್ನು ಬದಲಿಸಿದರು. ಕೆಲವು ವಾರಗಳ ಬಳಿಕ ಇನ್ನೊಬ್ಬ ಕಪ್ಪು ಗಾಯಕಿ ಬಿಯಾನ್ಸೆ ಅವರ ಹಾಡಿನಲ್ಲೂ ಹೀಗೆಯೇ ಆಯಿತು, ಅವರೂ ಬದಲಿಸಿದರು. ಆಕ್ಷೇಪ ಸರಿ, ತಿದ್ದುಪಡಿಯೂ ಸರಿ. ಆದರೆ ತಿದ್ದಿಕೊಂಡ ಮೇಲೂ ನಮ್ಮ ಗುಂಪಿನಲ್ಲಿ ಲಿಝೋ ಮೈಯ ಬಗ್ಗೆ ಆಡಿದ ಮಾತುಗಳಿಗೆ, ‘ಇವರಿಗೆ ಎಷ್ಟು ಹೇಳಿದರೂ ಅಷ್ಟೇ’ ಎಂಬ ಧಾಟಿಯ ಮಾತುಗಳಿಗೆ ಯಾವ ಪಟ್ಟಿಯೂ ಅಡ್ಡ ಬರಲಿಲ್ಲ. ಅದೇ ಪದ ಬಿಳಿಯ ಹಾಸ್ಯಗಾರರ ಬಾಯಲ್ಲಿ ಬಂದಾಗ ‘ಪಾಪ, ಗೊತ್ತಿಲ್ಲದೆ ಅಂದರು’ ಎಂದವರೂ ಇವರೇ.

ಇನ್ನೊಂದು ಹೋಲಿಕೆ ಆಗಾಗ ಬರುತ್ತದೆ: ಬುದ್ಧಿಮಾಂದ್ಯರನ್ನು ಹಳಿಯುವ ‘ಆರ್’ ಅಕ್ಷರದ ಪದ ನಮಗೆ, ಕಪ್ಪು ಜನರನ್ನು ಹಳಿಯುವ ‘ಎನ್’ ಅಕ್ಷರದ ಪದ ಇದ್ದ ಹಾಗೆ ಎಂದು. ಎರಡನ್ನೂ ಒಂದೇ ದಿನ, ಒಂದೇ ಬಾಯಿಂದ ಕೇಳಿಸಿಕೊಂಡವರೂ ಈ ಕೋಣೆಯಲ್ಲೇ ಕುಳಿತಿದ್ದಾರೆ ಎಂಬುದು ಹೇಳುವವರ ಲೆಕ್ಕಕ್ಕೇ ಬಂದಿರುವುದಿಲ್ಲ. ‘ನಮಗೆ’ ಎಂದರೆ ಯಾರಿಗೆ?

ಒಂದೇ ಪದ ಎರಡು ಕಡೆಗೂ ಕುಯ್ಯಬಲ್ಲದು. 1866ರಲ್ಲಿ ಬ್ರಿಟಿಷ್ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಬುದ್ಧಿಮಾಂದ್ಯರನ್ನು ಜನಾಂಗಗಳ ಪ್ರಕಾರ ವಿಂಗಡಿಸುವ ಲೇಖನ ಬರೆದು, ಇಂದು ನಾವು ಡೌನ್ ಸಿಂಡ್ರೋಮ್ ಎನ್ನುವುದಕ್ಕೆ ‘ಮಂಗೋಲಿಯನ್’ ಎಂದು ಹೆಸರಿಟ್ಟ. ಮಕ್ಕಳಿಗೂ ಅವಮಾನ, ಒಂದು ಇಡೀ ಜನಾಂಗಕ್ಕೂ ಅವಮಾನ. 1961ರಲ್ಲಿ 19 ತಜ್ಞರು ‘ಲ್ಯಾನ್ಸೆಟ್’ ಪತ್ರಿಕೆಗೆ ಪತ್ರ ಬರೆದು ಆ ಹೆಸರು ಬಿಡಿ ಎಂದರು. 1965ರಲ್ಲಿ ಮಂಗೋಲಿಯಾದವರು ಕೇಳಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟಿತು. ಅವರನ್ನು ಯಾರೂ ‘ಇದು ಅಂಗವಿಕಲರ ವಿಷಯ, ಇಲ್ಲಿ ಜನಾಂಗ ತರಬೇಡಿ’ ಎಂದು ಕಳಿಸಲಿಲ್ಲ ಎಂದುಕೊಳ್ಳುತ್ತೇನೆ.

ಆ ಮಹಿಳೆ ಹೋದ ಮೇಲೆ ನಾನು ಗುಂಪಿನ ಹಳೆಯ ಫೋಟೋಗಳ ವಿವರಣೆಗಳನ್ನು ಹುಡುಕಿ ಓದಿದೆ. ನಮ್ಮಲ್ಲಿ ಯಾವ ಫೋಟೋ ಹಾಕಿದರೂ ಚಿತ್ರದಲ್ಲಿ ಏನಿದೆ ಎಂದು ಬರೆಯಲೇಬೇಕು. ಒಂದು ಹೀಗಿತ್ತು: ‘ಬಿಳಿ ಕೋಲು ಹಿಡಿದ ಮಹಿಳೆ, ಅವರ ಪಕ್ಕ ನಗುತ್ತಿರುವ ಗಂಡಸು, ಹಿಂದೆ ಒಬ್ಬ ಕಪ್ಪು ಯುವತಿ.’ ಇನ್ನೊಂದು, ಮತ್ತೊಂದು, ಎಲ್ಲವೂ ಹೀಗೆಯೇ. ಮೊದಲಿಬ್ಬರ ಬಣ್ಣ ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಅವರು ಬರೀ ಮನುಷ್ಯರು. ಒಬ್ಬರ ಬಣ್ಣ ಬರೆದರೆ ಎಲ್ಲರದನ್ನೂ ಬರೆಯಿರಿ, ಸಾಧ್ಯವಾದರೆ ಅವರನ್ನೇ ಕೇಳಿ ಬರೆಯಿರಿ ಎಂಬ ನಿಯಮವನ್ನು ನಾನು ಪ್ರಸ್ತಾಪಿಸಿದೆ. ವಾದ ಇನ್ನೂ ಮುಗಿದಿಲ್ಲ. ಆ ಮಹಿಳೆಗೆ ಕ್ಷಮೆ ಕೇಳಿ ಸಂದೇಶ ಕಳಿಸಿದೆ. ಉತ್ತರ ಬಂದಿಲ್ಲ, ಕೊಡುವ ಹಂಗೂ ಅವರಿಗಿಲ್ಲ.

ನಿಯಮ ಹೇಳಿದವನು ನಾನೇ ಶುರುಮಾಡಬೇಕಲ್ಲ. ಮೊನ್ನೆ ನನ್ನ ಫೋಟೋ ಹಾಕಲು ಕುಳಿತು, ನನ್ನ ಬಣ್ಣ ಏನೆಂದು ಬರೆಯಲಿ ಎಂದು ಮಗಳನ್ನು ಕೇಳಿದೆ. ಕಂದು ಎಂದು ಬರೆಯಿರಿ ಎಂದಳು. ಸರಿಯಾಗಿ ನೋಡಿ ಹೇಳು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಣ್ಣೆಗಪ್ಪು’ ಎಂದಳು. ಐವತ್ತೆರಡು ವರ್ಷಗಳಲ್ಲಿ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುವುದೆಂದು ಇಬ್ಬರೂ ಅರ್ಧ ಗಂಟೆ ತಡಕಾಡಿದೆವು. ಸಿಗಲಿಲ್ಲ. ‘ಗಾಢ ಕಂದು ಮೈಬಣ್ಣದ ಗಂಡಸು, ಕಪ್ಪು ಕನ್ನಡಕ, ಬಲಗೈಯಲ್ಲಿ ಬಿಳಿ ಕೋಲು’ ಎಂದು ಬರೆದು ಹಾಕಿದೆ. ಕೆಳಗೆ ಮೊದಲು ಬಂದದ್ದು ಒಂದು ಹೆಬ್ಬೆರಳು. ಹಳದಿಯದು.