ಅದು ಸೌಂಡ್ ಕಾರ್ಡ್ ಅಲ್ಲ, ಸಿಜಿಎ ವಿಡಿಯೊ ಕಾರ್ಡ್

ತುಮಕೂರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಹಳೇ ಕಾರ್ಡೊಂದರ ಫೋಟೊ ಎರಡು ದಿನದಿಂದ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ‘ದುಂಡನೆಯ ಜಾಕ್ ಆಡಿಯೊಗೆ, ಒಂಬತ್ತು ಪಿನ್ನಿನದು ಸೀರಿಯಲ್ ಪೋರ್ಟ್. ಹಾಗಾಗಿ ಸೌಂಡ್ ಕಾರ್ಡೇ’ ಅನ್ನುವ ಒಕ್ಕಣೆ ಬೇರೆ. ಎರಡೂ ತಪ್ಪು. ಅದು ಸಿಜಿಎ, ಅಂದರೆ ಹಳೇ ಪಿಸಿಗಳ ಬಣ್ಣದ ವಿಡಿಯೊ ಕಾರ್ಡ್.

ಪಿಸಿಯ ಸೀರಿಯಲ್ ಪೋರ್ಟಿನಲ್ಲಿ ಪಿನ್ನುಗಳು ಎದ್ದು ಕಾಣುತ್ತವೆ. ಫೋಟೊ ದೊಡ್ಡದು ಮಾಡಿ ನೋಡಿ: ಇಲ್ಲಿರುವುದು ತೂತುಗಳು, ಒಂದು ಸಾಲಿನಲ್ಲಿ ಐದು, ಇನ್ನೊಂದರಲ್ಲಿ ನಾಲ್ಕು. ಒಂದೇ ಬಣ್ಣದ ಎಂಡಿಎ, ಬಣ್ಣದ ಸಿಜಿಎ, ಅದರ ನಂತರದ ಇಜಿಎ, ಈ ಮೂರೂ ಹಳೇ ವಿಡಿಯೊ ಕಾರ್ಡಿಗೆ ಇದೇ ಕನೆಕ್ಟರ್. ಅದೊಂದನ್ನೇ ನಂಬಿದರೆ ಏಮಾರುತ್ತೀರಿ. ಗುಟ್ಟು ಇರುವುದು ಪಕ್ಕದ ಜಾಕಿನಲ್ಲಿ. 1981ರ ಐಬಿಎಂ ಸಿಜಿಎ ಕಾರ್ಡಿನಲ್ಲಿ ಇಂಥದೇ ಒಂಟಿ ಆರ್‌ಸಿಎ ಜಾಕ್ ಇತ್ತು. ಅದರಲ್ಲಿ ಬರುವುದು ಕಾಂಪೊಸಿಟ್ ವಿಡಿಯೊ (ಇಡೀ ಚಿತ್ರ ಒಂದೇ ವೈರಿನಲ್ಲಿ ಬರುವ ಸಿಗ್ನಲ್), ಸದ್ದಲ್ಲ. ಜೊತೆಗೆ 6845 ಎಂದು ಅಚ್ಚಾದ, ಪರದೆ ನಿಯಂತ್ರಿಸುವ ಚಿಪ್, ಪರದೆಗೆ ಮುಟ್ಟಿಸಿ ಜಾಗ ತೋರಿಸುವ ಲೈಟ್ ಪೆನ್ನಿಗೆಂದು ಆರು ಪಿನ್ನು. ಇನ್ನೇನು ಅನುಮಾನ?

‘15 ಪಿನ್ನಿನ ಅಡಾಪ್ಟರ್ ಹಾಕಿ ವಿಜಿಎ ಮಾನಿಟರಿಗೆ ಕೊಡಿ’ ಎಂದೂ ಯಾರೋ ಸೇರಿಸಿದ್ದಾರೆ. ಆಗದ ಮಾತು. ಸಿಜಿಎಯದು ಡಿಜಿಟಲ್ ಸಿಗ್ನಲ್, ಪರದೆಯ ಸಾಲು ಎಳೆಯುವ ವೇಗ ಸುಮಾರು 15.7 ಕಿಲೋಹರ್ಟ್ಸ್, ನಂತರ ಬಂದ ವಿಜಿಎ ಅನಲಾಗ್, ವೇಗ ಸುಮಾರು 31.5. ಹಳೇ ಎಂಡಿಎ ಮಾನಿಟರಿಗೆ ಸಿಕ್ಕಿಸಿದರಂತೂ ಅದು ಸುಟ್ಟೇ ಹೋಗಬಹುದು. ಆರ್‌ಸಿಎ ವೈರನ್ನು ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಸಿಗ್ನಲ್ ಪದ್ಧತಿ) ತೋರಿಸುವ ಟಿವಿಯ ಹಳದಿ ಜಾಕಿಗೆ ಕೊಟ್ಟು ನೋಡಿ.