ಪುಟ್ಟಣ್ಣನ ಪಟ್ಟಿ

ನಮ್ಮ ಮನೆಯಲ್ಲಿ ಆಸ್ತಿಗಾಗಿ ಜಗಳ ಆಗಿಲ್ಲ, ನಿರ್ದೇಶಕ ಪುಟ್ಟಣ್ಣ ಕಣಗಾಲರ ಸಿನಿಮಾಗಳಿಗಾಗಿ ಆಗಿದೆ. ಹೋದ ಹಬ್ಬದಲ್ಲಿ ಒಬ್ಬಟ್ಟು ತಿಂದು ಎಲ್ಲರೂ ಚಾಪೆ ಮೇಲೆ ಉರುಳಿಕೊಂಡಿದ್ದೆವು. ಭಾವ ಸುಮ್ನೆ ಕೇಳಿದರು, "ಪುಟ್ಟಣ್ಣನ ಬೆಸ್ಟ್ ಐದು ಯಾವುವು?" ಅಷ್ಟೇ, ಎಲ್ಲರ ನಿದ್ದೆ ಹಾರಿಹೋಯಿತು. ಭಾವ ಕ್ಯಾಲೆಂಡರಿನ ಹಳೇ ಹಾಳೆ ತಿರುಗಿಸಿ ಬರೆಯಲು ಕೂತರು.

ಅಮ್ಮ ತಡಮಾಡದೆ ‘ಶರಪಂಜರ’ ಎಂದಳು. 1971ರ ಚಿತ್ರ. ಕಾವೇರಿಗೆ ಕಾಯಿಲೆ ವಾಸಿಯಾದರೂ ಸುತ್ತಲಿನವರ ಕಣ್ಣಿಗೆ ಅವಳು ಹುಚ್ಚಿಯೇ. "ಕಲ್ಪನಾ ಬಿಟ್ಟು ಇನ್ಯಾರ ಕೈಲೂ ಆಗಲ್ಲ" ಎಂದು ತೀರ್ಪೂ ಬಂತು. ಹಾಗಾದರೆ ರಾತ್ರಿ ಹಾಕೋಣವಾ ಎಂದರೆ, "ಬೇಡಪ್ಪಾ, ಇನ್ನೊಂದ್ಸಲ ನೋಡೋಕಾಗಲ್ಲ." ಮೊದಲ ಸ್ಥಾನ ಕೊಟ್ಟು ನೋಡಲ್ಲ ಅನ್ನೋದು ಯಾವ ನ್ಯಾಯ?

ನನ್ನ ಓಟು ‘ನಾಗರಹಾವು’ಗೆ. ಚಿತ್ರದುರ್ಗದ ಬಂಡೆಗಳು, ವಿಷ್ಣುವರ್ಧನರ ರಾಮಾಚಾರಿ, ಇನ್ನೇನು ಬೇಕು? ಆದರೆ ಬಾಯಿತಪ್ಪಿ, ಪ್ರೀತಿಸಿದವಳನ್ನು ಬಿಡು ಅಂತ ಹೇಳಿ ಚಾಮಯ್ಯ ಮೇಷ್ಟ್ರೇ ಆ ಹುಡುಗನ ಬದುಕು ಹಾಳು ಮಾಡಿದ್ದು ಎಂದುಬಿಟ್ಟೆ. ಅಪ್ಪ ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಎದ್ದು ಕೂತರು. "ಒಳ್ಳೇದಾಗಲಿ ಅಂತಾನೇ ಹೇಳಿದ್ದು ಕಣೋ!" ಮುಂದಿನ ಅರ್ಧ ಗಂಟೆ ಸಿನಿಮಾ ಮಾತಿಲ್ಲ, ನನ್ನ ಎಸ್ಸೆಸ್ಸೆಲ್ಸಿ ಗಣಿತದ ಅಂಕ.

ಆಮೇಲೆ ಕಾನೂನಿನ ತಕರಾರು. ‘ಕಥಾ ಸಂಗಮ’ದಲ್ಲಿ ಮೂರು ಕಥೆಗಳಿವೆ, ಒಂದು ಜಾಗವೋ ಮೂರೋ? ಭಾವನಿಗೆ ‘ಮುನಿತಾಯಿ’ ಮಾತ್ರ ಸಾಕಂತೆ. ಪುಟ್ಟಣ್ಣ 1985ರಲ್ಲಿ ತೀರಿಕೊಂಡ ಮೇಲೆ ‘ಮಸಣದ ಹೂವು’ ಮುಗಿಸಿದವರು ಕೆ.ಎಸ್.ಎಲ್. ಸ್ವಾಮಿ. ಅದು ಲೆಕ್ಕಕ್ಕಿದೆಯೋ ಇಲ್ಲವೋ? ‘ಗೆಜ್ಜೆಪೂಜೆ’ಗೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ. ಪಾಪ, ಅದಕ್ಕೇ ನಾಲ್ಕನೇ ಸ್ಥಾನಕ್ಕೆ ಹೋಯಿತು.

ಅಷ್ಟು ಹೊತ್ತು ಹೂ ಕಟ್ಟುತ್ತಿದ್ದ ಸೋದರತ್ತೆ ಮೆಲ್ಲಗೆ ‘ಎಡಕಲ್ಲು ಗುಡ್ಡದ ಮೇಲೆ’ ಎಂದರು. ಯುದ್ಧದಲ್ಲಿ ಗಾಯಗೊಂಡ ಗಂಡ, ಆಸೆ ಅದುಮಿಟ್ಟುಕೊಂಡ ಮಾಧವಿ. ಜಯಂತಿ ಆ ಪಾತ್ರ ಮಾಡಿದ್ದು 1973ರಲ್ಲಿ ಅಂದರೆ ಈಗಲೂ ಆಶ್ಚರ್ಯವೇ. "ಆಗ ನಮ್ಮನ್ನ ನೋಡೋಕೆ ಬಿಟ್ಟಿರಲಿಲ್ಲ. ರೇಡಿಯೋದಲ್ಲಿ ‘ವಿರಹ’ ಹಾಡು ಬಂದ್ರೂ ನಿಮ್ಮ ತಾತ ಆರಿಸೋರು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಟೀವೀಲಿ ನೋಡ್ದೆ. ಒಬ್ಬಳೇ."

ಯಾಕೆ ಇಷ್ಟ ಎಂದು ಯಾರೂ ಕೇಳಲಿಲ್ಲ. ಅಮ್ಮ ಕಾಫಿಗೆ ಇಡಲು ಎದ್ದಳು. ಭಾವ ಹಾಳೆಯ ಮೇಲಿದ್ದ ಒಂದನೇ ನಂಬರನ್ನು ಹೊಡೆದುಹಾಕಿ, ಪೆನ್ನನ್ನು ಅತ್ತೆಯ ಕೈಗೆ ಕೊಟ್ಟರು.